ಧಾತು-ಈಶ್ವರ ಸಂವತ್ಸರಗಳ ಕ್ಷಾಮವೂ ಕ್ರೈಸ್ತ ಸಂಸ್ಥೆಗಳ ಅನಾಥಪೋಷಣೆಯೂ

ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿಗೆ ಸೇರಿದ ಮಾಯಸಂದ್ರವೆಂಬ ಗ್ರಾಮನಾಮದಲ್ಲಿ ಉತ್ತರಪದವಾಗಿರುವ 'ಸಂದ್ರ'ವು 'ಸಮುದ್ರ' ಶಬ್ದದ ತದ್ಭವವೆಂಬುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ಕಡಲನ್ನು ಕಾಣದ ಈ ಬಯಲುಸೀಮೆಯಲ್ಲಿ ಸಮುದ್ರವೆಂದರೆ ಕೆರೆ. ಕೆರೆಯನ್ನು ಕಟ್ಟಿಸಿದ ಪೂರ್ವಿಕರು ಅದಕ್ಕೆ ಅಷ್ಟು ದೊಡ್ಡ ಹೆಸರನ್ನಿಟ್ಟುದು ಅತಿಶಯೋಕ್ತಿಯೆಂದು ತೋರಿದರೂ, ಮಳೆ ತಪ್ಪಿದ ವರ್ಷದಲ್ಲಿ ಆ ಹೆಸರಿನ ಅರ್ಥವು ಚೆನ್ನಾಗಿ ಮನದಟ್ಟಾಗುವುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳ ತೆಂಗಿನ ತೋಟಗಳೂ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಗಿಟಕಾಗುವ ಕೊಬ್ಬರಿಯೂ, ಅದರ ವ್ಯಾಪಾರವೂ ಕೆರೆಯ ನೀರನ್ನೂ ತೋಟದ ಅಡಿಯ ತೇವವನ್ನೂ ನೆಚ್ಚಿಕೊಂಡು ಬೆಳೆದುವು.

ತೆಂಗಿನ ಮರಕ್ಕೆ ಬರಗಾಲವು ತಟ್ಟುವ ರೀತಿಯು ರಾಗಿಯ ಹೊಲಕ್ಕೆ ತಟ್ಟುವ ರೀತಿಯಂತಲ್ಲ. ರಾಗಿಯು ಒಂದು ವರ್ಷ ಒಣಗಿದರೆ ಮರುವರ್ಷ ಮಳೆಯಾದೊಡನೆ ಪೈರು ಏಳುವುದು. ತೆಂಗಿನಲ್ಲಾದರೋ ಹೊಂಬಾಳೆಯು ಹೊರಗೆ ಕಾಣಿಸಿಕೊಳ್ಳುವುದಕ್ಕೆ ಬಹುಕಾಲ ಮುಂಚೆಯೇ ಮರದ ಸುಳಿಯೊಳಗೆ ಅದರ ಅಂಕುರವಾಗಿರುವುದು. ಆದುದರಿಂದ ಮಳೆ ಬಂದ ಬಳಿಕವೂ ಎರಡು ಮೂರು ವರ್ಷ ಫಸಲು ಚೇತರಿಸಿಕೊಳ್ಳುವುದಿಲ್ಲ. ಮರವೇ ಸತ್ತರೆ ಹೊಸ ಸಸಿಯು ಫಲಕ್ಕೆ ಬರಲು ಏಳೆಂಟು ವರ್ಷ ಬೇಕು. ತೋಟವುಳ್ಳವನ ಸ್ಥಿತಿಯೇ ಹೀಗಾದರೆ, ಅವನ ತೋಟದಲ್ಲಿ ಕಾಯಿ ಕೀಳುವ, ಮಟ್ಟೆ ಸುಲಿಯುವ, ನಾರು ಹೊಸೆಯುವ ಕೂಲಿಯವನ ಸ್ಥಿತಿಯನ್ನು ಹೇಳಬೇಕಾದುದಿಲ್ಲ. ಮಳೆಯು ಬಂದಿತೆಂದು ಊರು ಸಂತೋಷಪಡುವ ದಿನದಂದೂ ಅವನಿಗೆ ಬರವು ಮುಗಿದಿರುವುದಿಲ್ಲ.

ಕ್ಷಾಮಪರಿಹಾರದ ಇತಿಹಾಸವನ್ನು ನೋಡುವವರು ಈ ಒಂದು ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಹಸಿದವನ ಪ್ರಾಣವನ್ನುಳಿಸುವುದು ಒಂದು ಕೆಲಸ. ಉಳಿದ ಪ್ರಾಣಕ್ಕೆ ನೆಲೆಯನ್ನು ಕಲ್ಪಿಸುವುದು ಬೇರೊಂದು ಕೆಲಸ. ಮೊದಲನೆಯದಕ್ಕೆ ತಿಂಗಳುಗಳು ಸಾಕು, ಎರಡನೆಯದಕ್ಕೆ ತೆಂಗಿನ ಸಸಿಗೆ ಬೇಕಾಗುವಷ್ಟು ಕಾಲ ಬೇಕು. ಕಳೆದ ಶತಮಾನಕ್ಕೂ ಹಿಂದಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಕ್ರೈಸ್ತ ಸಂಸ್ಥೆಗಳು ಮೊದಲನೆಯ ಕೆಲಸದಿಂದ ಎರಡನೆಯ ಕೆಲಸಕ್ಕೆ ಹೇಗೆ ಬಂದುವು, ಅದರಿಂದ ಯಾವ ಪ್ರಯೋಜನವೂ ಯಾವ ವಿವಾದವೂ ಹುಟ್ಟಿದುವು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ನಮ್ಮ ಶಾಸ್ತ್ರಗಳಲ್ಲಿ ಈ ವಿಚಾರವು ಇಲ್ಲವೆಂದು ತಿಳಿಯಬಾರದು. 1909ನೆಯ ಇಸವಿಯಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ದೈವಿಕವಾದ ಎಂಟು ಮಹಾಭಯಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ದುರ್ಭಿಕ್ಷವೂ ಒಂದು. ದುರ್ಭಿಕ್ಷದಲ್ಲಿ ರಾಜನು ಬಿತ್ತನೆಯ ಬೀಜವನ್ನೂ ಆಹಾರವನ್ನೂ ಕೊಟ್ಟು ಅನುಗ್ರಹಿಸಬೇಕೆಂದೂ, ಕೋಟೆ ಸೇತುವೆಗಳ ಕೆಲಸವನ್ನು ಮಾಡಿಸಿ ಅನ್ನವನ್ನು ಕೊಡಬಹುದೆಂದೂ, ಇದ್ದ ಧಾನ್ಯವನ್ನು ಹಂಚಬಹುದೆಂದೂ, ಬೆಳೆಯಿರುವ ಸೀಮೆಗೆ ಜನರನ್ನು ಕೊಂಡೊಯ್ಯಬಹುದೆಂದೂ ಅಲ್ಲಿ ವಿಧಿಸಿದೆ. ಎರಡನೆಯ ಅಧಿಕರಣದಲ್ಲಿ ಬಾಲರು, ವೃದ್ಧರು, ರೋಗಿಗಳು, ಅನಾಥರು ಇವರನ್ನು ರಾಜನೇ ಪೋಷಿಸಬೇಕೆಂದಿದೆ. ಇನ್ನು ಧರ್ಮಶಾಸ್ತ್ರಕಾರರು ಕೆರೆ, ಬಾವಿ, ಅರವಟ್ಟಿಗೆ, ಅನ್ನಸತ್ರಗಳನ್ನು ಪೂರ್ತವೆಂಬ ಹೆಸರಿನಿಂದ ಗೃಹಸ್ಥರ ಧರ್ಮದಲ್ಲಿ ಸೇರಿಸಿದರು. ವಿಧಿಗೆ ಕೊರತೆಯಿರಲಿಲ್ಲ. ರಾಜನ ಕೈಯೂ ಬಂಧುಗಳ ಕೈಯೂ ಒಟ್ಟಿಗೆ ಸೋತ ಸಮಯದಲ್ಲಿ ಅನಾಥ ಶಿಶುವನ್ನು ಎತ್ತಿಕೊಂಡು ಹದಿನೈದು ವರ್ಷ ಸಾಕುವ ಮೂರನೆಯ ಕೈ ಯಾವುದೆಂಬ ಪ್ರಶ್ನೆಗೆ ಮಾತ್ರ ಆಚರಣೆಯಲ್ಲಿ ಉತ್ತರವು ಸ್ಪಷ್ಟವಾಗಿರಲಿಲ್ಲ. ಮಠಗಳೂ ಛತ್ರಗಳೂ ಅನ್ನವನ್ನಿಕ್ಕುತ್ತಿದ್ದುವು. ಅನ್ನವನ್ನುಂಡವನು ಮುಂದೆ ಹೋಗುತ್ತಿದ್ದನು.

1876ರಲ್ಲಿ ಮೈಸೂರು ಸಂಸ್ಥಾನವು ಇಂಗ್ಲಿಷ್ ಕಮಿಷನರ ಆಡಳಿತದಲ್ಲಿತ್ತು. ಚಾಮರಾಜೇಂದ್ರ ಒಡೆಯರು ಇನ್ನೂ ಅಪ್ರಾಪ್ತವಯಸ್ಕರು. ಆ ವರ್ಷ ಮುಂಗಾರು ಸಾಲದೆ ಹೋಯಿತು, ಹಿಂಗಾರು ತಪ್ಪಿಯೇ ಹೋಯಿತು. 1877ರ ಮುಂಗಾರೂ ಜನರನ್ನು ಕಾಯಿಸಿತು. ಸೆಪ್ಟೆಂಬರ್ ತಿಂಗಳಲ್ಲಿ ಮಳೆ ಬೀಳುವ ವೇಳೆಗೆ ಹಳ್ಳಿಗಳಲ್ಲಿ ಎತ್ತುಗಳಿರಲಿಲ್ಲ, ಬಿತ್ತನೆಯ ಕಾಳು ಇರಲಿಲ್ಲ, ಬಿತ್ತುವವರೂ ಅನೇಕ ಕಡೆ ಇರಲಿಲ್ಲ. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳನ್ನು ವ್ಯಾಪಿಸಿದ ಈ ಕ್ಷಾಮವು ಮಲೆನಾಡನ್ನು ಅಷ್ಟಾಗಿ ಬಾಧಿಸದೆ, ಕೋಲಾರ, ತುಮಕೂರು, ಚಿತ್ರದುರ್ಗಗಳಂತಹ ಒಣಸೀಮೆಗಳನ್ನು ಹೆಚ್ಚಾಗಿ ಹಾಳುಮಾಡಿತು. ಅದರ ಪರಿಮಾಣವನ್ನು ತಿಳಿಯಲು ಎರಡು ಜನಗಣತಿಗಳನ್ನು ಹೋಲಿಸಿದರೆ ಸಾಕು. 1871ರಲ್ಲಿ ಸಂಸ್ಥಾನದ ಜನಸಂಖ್ಯೆಯು 50,55,412 ಇದ್ದಿತು. 1881ರಲ್ಲಿ 41,86,188 ಆಯಿತು. ಎಂಟು ಲಕ್ಷ ಅರುವತ್ತೊಂಬತ್ತು ಸಾವಿರಕ್ಕೂ ಮೇಲ್ಪಟ್ಟ ಈ ಕೊರತೆಯಲ್ಲಿ ಆ ಹತ್ತು ವರ್ಷಗಳಲ್ಲಿ ಹುಟ್ಟಿ ಬೆಳೆಯಬೇಕಾಗಿದ್ದವರ ಲೆಕ್ಕವು ಸೇರಿಲ್ಲ. 1881ರ ಮಾರ್ಚ್ ತಿಂಗಳಲ್ಲಿ ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಅದರೊಡನೆ 80 ಲಕ್ಷ ರೂಪಾಯಿಗಳ ಸಾಲವೂ ಬಂದಿತು.

ಸರ್ಕಾರದ ಪರಿಹಾರವು ಎರಡು ರೂಪಗಳಲ್ಲಿ ನಡೆಯಿತು: ಅಶಕ್ತರಿಗೆ ಗಂಜಿಯ ಛತ್ರಗಳು, ಶಕ್ತರಿಗೆ ಕೆಲಸ. ಬೆಂಗಳೂರು-ಮೈಸೂರು ರೈಲ್ವೆಯ ಮಣ್ಣುಕೆಲಸವು ಹೀಗೆ ಹಸಿದ ಜನರ ಕೈಯಿಂದಾದುದು. ಕೌಟಿಲ್ಯನ ಸೇತುಕರ್ಮಕ್ಕೆ ಇದಕ್ಕಿಂತ ಹತ್ತಿರವಾದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಆದರೆ ವಿಧಿಯ ಹಿಂದಿನ ಕರುಣೆಯು ಲೆಕ್ಕದ ಕಾಗದದಲ್ಲಿ ಎಷ್ಟು ಸುಲಭವಾಗಿ ಕರಗುವುದೆಂಬುದಕ್ಕೂ ಅದೇ ಕಾಲವು ಸಾಕ್ಷಿಯಾಗಿದೆ. 1877ರ ಆರಂಭದಲ್ಲಿ ದಕ್ಷಿಣದೇಶಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್ಲನು ಕೂಲಿಯ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯನ್ನು ಮುಖ್ಯವಾಗಿಟ್ಟು ಕೂಲಿಯನ್ನು ಇಳಿಸಲು ಹೇಳಿದನು. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಎಂಬುವನು, ಅಷ್ಟರಿಂದ ದುಡಿಯುವ ದೇಹವು ಉಳಿಯದೆಂದು ವಾದಿಸಿದನು. ಈ ವಾದದಲ್ಲಿ ನ್ಯಾಯವು ವೈದ್ಯನ ಕಡೆಗಿದ್ದಿತೆಂದು ಮುಂದಿನ ಮರಣಗಳು ತೋರಿಸಿದುವು.

ಈ ಸಂದರ್ಭದಲ್ಲಿ ಕ್ರೈಸ್ತ ಪಾದ್ರಿಗಳ ಪಾತ್ರವು ಎಲ್ಲಿಂದ ಮೊದಲಾಯಿತೆಂಬುದನ್ನು ನೋಡಬೇಕು. ತುಮಕೂರು ಸೀಮೆಗೆ ಅವರು ಹೊಸಬರಾಗಿರಲಿಲ್ಲ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಎಂಬುವರು 1837ರಲ್ಲಿಯೇ ಗುಬ್ಬಿಯಲ್ಲಿ ನೆಲೆಸಿದ್ದರು. ಕೆಲವು ಕಾಲ ಅಲ್ಲಿದ್ದ ವಿಲಿಯಂ ಆರ್ಥರ್ ಎಂಬುವರು ಆ ಪ್ರಾಂತದ ವಿಷಯವಾಗಿ 1847ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದರು. ನಲವತ್ತು ವರ್ಷ ಸಂತೆ ಜಾತ್ರೆಗಳಲ್ಲಿ ತಿರುಗಿ ಉಪದೇಶಮಾಡಿದರೂ ಅವರ ಮತವನ್ನು ಹಿಡಿದವರು ಬಹಳ ಸ್ವಲ್ಪ ಮಂದಿ. ಹಾಗಿದ್ದರೂ ಆ ತಿರುಗಾಟದಿಂದ ಅವರಿಗೆ ಎರಡು ಲಾಭಗಳಾದುವು: ಕನ್ನಡ ಭಾಷೆಯು ಬಂದಿತು, ಯಾವ ಹಳ್ಳಿಗೆ ಯಾವ ದಾರಿ ಎಂಬುದು ತಿಳಿಯಿತು. ಕ್ಷಾಮಕಾಲದಲ್ಲಿ ಇವೆರಡೂ ಸರ್ಕಾರಕ್ಕೆ ಬೇಕಾಗಿದ್ದ ವಸ್ತುಗಳೇ.

1877ರ ಆಗಸ್ಟ್ ತಿಂಗಳಲ್ಲಿ ಮದರಾಸಿನ ಗವರ್ನರರಾದ ಬಕಿಂಗ್‌ಹ್ಯಾಂ ಡ್ಯೂಕರು ಇಂಗ್ಲೆಂಡಿನ ಜನರಲ್ಲಿ ಸಹಾಯವನ್ನು ಬೇಡಿದ ಮೇಲೆ, ಲಂಡನ್ ನಗರದ ಲಾರ್ಡ್ ಮೇಯರರು ಮ್ಯಾನ್ಷನ್ ಹೌಸ್ ನಿಧಿಯೆಂಬುದನ್ನು ತೆರೆದರು. ಮುಕ್ಕಾಲು ಕೋಟಿ ರೂಪಾಯಿಗೂ ಹೆಚ್ಚಾದ ಹಣವು ಕೂಡಿ ಬಂದಿತು. ಇದು ಕೇವಲ ಚರ್ಚಿನ ನಿಧಿಯಲ್ಲ. ಆದರೆ ಇಂಗ್ಲೆಂಡಿನ ಚರ್ಚುಗಳಲ್ಲಿ ಕೂಡಿಸಿದ ಕಾಣಿಕೆಗಳೂ ಅದರಲ್ಲಿ ಸೇರಿದ್ದುವು, ಹಂಚಿಕೆಯ ಸ್ಥಳೀಯ ಸಭೆಗಳಲ್ಲಿ ಅಧಿಕಾರಿಗಳೊಡನೆಯೂ ಊರ ಮುಖಂಡರೊಡನೆಯೂ ಪಾದ್ರಿಗಳು ಕುಳಿತರು. ಈ ನಿಧಿಯ ಉದ್ದೇಶಗಳು ಗಮನಾರ್ಹವಾದುವು. ಗಂಜಿಯನ್ನು ಕೊಡುವುದು ಸರ್ಕಾರದ ಕೆಲಸವೆಂದು ಬಿಟ್ಟು, ಸರ್ಕಾರದ ನಿಯಮವು ಮುಟ್ಟದ ಜನರನ್ನು ಇದು ಹುಡುಕಿತು: ಛತ್ರದ ಪಂಕ್ತಿಯಲ್ಲಿ ಕೂರಲಾರದೆ ಮನೆಯೊಳಗೆ ಸಾಯುತ್ತಿದ್ದ ಮಾನವಂತರು, ನೂಲಿಲ್ಲದ ನೇಯ್ಗೆಯವರು, ಅನಾಥ ಶಿಶುಗಳು, ಮತ್ತು ಮಳೆ ಬಂದರೂ ಬಿತ್ತಲಾರದ ಒಕ್ಕಲಿಗರು. ಬೀಜಕ್ಕೆ, ಎತ್ತಿಗೆ, ನೇಗಿಲಿಗೆ, ಸೌದೆಗಾಗಿ ಮಾರಿಹೋದ ಮನೆಯ ತೊಲೆಗಳಿಗೆ ಹಣವನ್ನು ಕೊಡಲಾಯಿತು. ಮದರಾಸಿನ ಸಭೆಯ ಕಾರ್ಯದರ್ಶಿಯಾಗಿದ್ದ ವಿಲಿಯಂ ಡಿಗ್ಬಿಯು 1878ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಕ್ಷಾಮಚರಿತ್ರೆಯಲ್ಲಿ ಇವುಗಳ ವಿವರಣೆಯಿದೆ. ಮಳೆಯು ಬಂದುದೇ ಬರದ ಮುಕ್ತಾಯವಲ್ಲವೆಂಬ ತಿಳಿವಳಿಕೆಯು ಆ ಕಾಲದ ಪರಿಹಾರದಲ್ಲಿ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ.

ಒಕ್ಕಲಿಗನಿಗೆ ಎತ್ತನ್ನು ಕೊಟ್ಟರೆ ಅವನ ಲೆಕ್ಕವು ಮುಗಿಯಿತು. ಅನಾಥ ಶಿಶುವಿನ ಲೆಕ್ಕವು ಹಾಗೆ ಮುಗಿಯುವಂತಹುದಲ್ಲ. 1878ರಲ್ಲಿ ಛತ್ರಗಳು ಒಂದೊಂದಾಗಿ ಮುಚ್ಚಿದಾಗ ದೊಡ್ಡವರು ಊರಿಗೆ ಹಿಂದಿರುಗಿದರು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು ಅಲ್ಲಿಯೇ ಉಳಿದರು. ತಮ್ಮ ಊರಿನ ಹೆಸರನ್ನು ಹೇಳಬಲ್ಲಷ್ಟು ವಯಸ್ಸಾದವರಿಗೆ ಬಂಧುಗಳು ಸಿಕ್ಕಿದ್ದರೂ ಸಿಕ್ಕಬಹುದು. ಅದೂ ತಿಳಿಯದ ಕೂಸುಗಳ ಗತಿಯೇನು? ಇಂತಹವರನ್ನು ಸರ್ಕಾರದ ಒಪ್ಪಿಗೆಯಿಂದ ಮಿಷನ್ನುಗಳು ತೆಗೆದುಕೊಂಡುವು. ವೆಸ್ಲಿಯನ್ನರು ಗಂಡುಮಕ್ಕಳಿಗೆ ತುಮಕೂರಿನಲ್ಲಿಯೂ ಹೆಣ್ಣುಮಕ್ಕಳಿಗೆ ಹಾಸನದಲ್ಲಿಯೂ ಅನಾಥಾಲಯಗಳನ್ನು ನಡೆಸಿದರು. ರೋಮನ್ ಕ್ಯಾಥೊಲಿಕರಾದ ಫ್ರೆಂಚ್ ಪಾದ್ರಿಗಳು ಬೆಂಗಳೂರಿನ ಸುತ್ತಮುತ್ತ ಭೂಮಿಯನ್ನು ಸಂಪಾದಿಸಿ ಬರದ ಅನಾಥರನ್ನು ಬೇಸಾಯಕ್ಕೆ ಹಚ್ಚಿದರು. ನೆಲಮಂಗಲದ ಕಡೆಯ ಸಿಲುವೆಪುರವು ಹೀಗೆ ಹುಟ್ಟಿದ ಊರು. 'ಸಿಲುವೆ' ಎಂಬುದು ತಮಿಳು ಕ್ರೈಸ್ತರು ಶಿಲುಬೆಗೆ ಹೇಳುವ ಮಾತು; ಕನ್ನಡದ ನೆಲದಲ್ಲಿ ಆ ಊರಿನ ಹೆಸರೇ ಅದರ ಸ್ಥಾಪಕರ ಜಾಡನ್ನು ತೋರಿಸುತ್ತದೆ.

ಎರಡು ಪಂಗಡಗಳೂ ಒಂದೇ ಕಷ್ಟಕ್ಕೆ ಎರಡು ಬಗೆಯ ಉಪಾಯವನ್ನು ಹಿಡಿದುವೆಂಬುದು ಗಮನಿಸತಕ್ಕ ವಿಷಯ. ಫ್ರೆಂಚರು ಭೂಮಿಯನ್ನು ನಂಬಿದರು, ವೆಸ್ಲಿಯನ್ನರು ಹೆಚ್ಚಾಗಿ ಕೈಗೆಲಸವನ್ನು ನಂಬಿದರು. ತುಮಕೂರಿನ ಅನಾಥಾಲಯಕ್ಕೆ ಸೇರಿದಂತೆ ಮರಗೆಲಸವೇ ಮೊದಲಾದುವನ್ನು ಕಲಿಸುವ ಕೈಗಾರಿಕಾ ಶಾಲೆಯೊಂದು ನಡೆಯಿತು. ಕರಾವಳಿಯ ಬಾಸೆಲ್ ಮಿಷನ್ನಿನವರು ಅದಕ್ಕೆ ಮೊದಲೇ ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಹೂಡಿ ಇದೇ ದಾರಿಯನ್ನು ತೋರಿಸಿದ್ದರು. ಮತಾಂತರಹೊಂದಿದವನಿಗೆ ಕುಲದೊಡನೆ ಕಸುಬೂ ತಪ್ಪುತ್ತಿದ್ದುದರಿಂದ ಅವರಿಗೆ ಆ ಕಾರ್ಖಾನೆಗಳು ಬೇಕಾದುವು. ಬರದ ಅನಾಥನಿಗೂ ಅದೇ ಸ್ಥಿತಿ: ಅವನಿಗೆ ಅಪ್ಪನ ಹೊಲವಿಲ್ಲ, ಅಪ್ಪನ ಕಸುಬಿಲ್ಲ, ಊರಿನಲ್ಲಿ ಆಯಗಾರಿಕೆಯ ಹಕ್ಕಿಲ್ಲ. ಹೆಣ್ಣು ಕೊಡುವವರೂ ಇಲ್ಲ. ಗೋತ್ರ ಕುಲಗಳು ತಿಳಿಯದ ಹುಡುಗನನ್ನು ಸಾಕಿ ಓದಿಸಿದರೂ ಮದುವೆಯ ಕಾಲಕ್ಕೆ ಅವನು ಮತ್ತೆ ಅನಾಥನೇ. ಆದುದರಿಂದಲೇ ಮಿಷನ್ನಿನವರು ಬೆಳೆದ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ತಾವೇ ವಿವಾಹಮಾಡಿಸಿ, ಸಂಸಾರವನ್ನು ಹೂಡಿಸಿ, ಅನಾಥಾಲಯವನ್ನು ಊರನ್ನಾಗಿ ಮಾಡಬೇಕಾಯಿತು. ಅನ್ನದಾನವು ಕನ್ಯಾದಾನದವರೆಗೆ ಹೋಗದಿದ್ದರೆ ಅನಾಥಪೋಷಣೆಯು ಅರ್ಧದಲ್ಲಿ ನಿಲ್ಲುವುದು. ಈ ಸೂಕ್ಷ್ಮವನ್ನು ಅವರು ಕಂಡುಕೊಂಡರು.

ಈ ರೀತಿಯು ಮೈಸೂರು ಸೀಮೆಯಲ್ಲಿ ಮೊದಲನೆಯ ಸಲ ಕಾಣಿಸಿಕೊಂಡುದು ಮಹಾಕ್ಷಾಮದಲ್ಲಲ್ಲ. ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ಬಳಿಕ, ಚದರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಬಂದ ಆಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಯು ಬಡವರಾದ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಕಟ್ಟಿದನು. ಹಾಸನದ ಹತ್ತಿರದ ಸಾತಹಳ್ಳಿಯಲ್ಲಿ ಅವನನ್ನು ಜನರು 'ದೊಡ್ಡ ಸ್ವಾಮಿಯವರು' ಎಂದು ಕರೆಯುತ್ತಿದ್ದರು. ಸಿಡುಬಿನ ಉಪದ್ರವಕ್ಕೆ ದೇವಿಹಾಕಿಸುವ ಪದ್ಧತಿಯನ್ನು ಸಂಸ್ಥಾನದಲ್ಲಿ ಹರಡಿದವರಲ್ಲಿಯೂ ಅವನು ಮುಖ್ಯನು. ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು, ಮೂವತ್ತು ವರ್ಷಗಳಷ್ಟು ಕಾಲ ಈ ದೇಶದಲ್ಲಿದ್ದು, ಹಿಂದೂಗಳ ಆಚಾರಗಳನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದ ಈ ಪಾದ್ರಿಯು 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನು; ಹಿಂದೂಗಳನ್ನು ಮತಾಂತರಗೊಳಿಸುವುದು ಅಸಾಧ್ಯವೆಂದು ಬಹಿರಂಗವಾಗಿ ಬರೆದು ತನ್ನವರ ಕೋಪಕ್ಕೆ ಗುರಿಯಾದನು. ಅವನ ಗ್ರಂಥದಲ್ಲಿ ನಮ್ಮವರು ಒಪ್ಪಲಾರದ ಕಟುವಾಕ್ಯಗಳು ಬೇಕಾದಷ್ಟಿವೆ. ಆದರೆ ಮತವನ್ನು ಹರಡುವ ಆಸೆಯನ್ನು ಬಿಟ್ಟ ಮೇಲೂ ದೇವಿಹಾಕಿಸುವುದನ್ನೂ ಬೇಸಾಯದ ನೆಲೆಗಳನ್ನೂ ವ್ಯರ್ಥವೆಂದು ಅವನು ಎಣಿಸಲಿಲ್ಲ. ಪರೋಪಕಾರವು ಮತಪ್ರಚಾರದ ಸಾಧನವೇ ಅಥವಾ ಸ್ವತಂತ್ರವೇ ಎಂಬ ಪ್ರಶ್ನೆಗೆ ಈ ವಿಚಿತ್ರ ಪುರುಷನ ಜೀವಿತವು ಒಂದು ಉತ್ತರ.

ಪ್ರಶ್ನೆಯನ್ನು ಮರೆಮಾಚುವುದು ನ್ಯಾಯವಲ್ಲ. ಅನಾಥಾಲಯದಲ್ಲಿ ಬೆಳೆದ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಹಸಿದ ಶಿಶುವು ಮತವನ್ನು ವಿಚಾರಿಸಿ ಅಂಗೀಕರಿಸಿತೆಂದು ಯಾರೂ ಹೇಳಲಾರರು. ನಲವತ್ತು ವರ್ಷಗಳ ಉಪದೇಶದಿಂದಾಗದುದು ಎರಡು ವರ್ಷಗಳ ಬರದಿಂದಾಯಿತೆಂದು ಆಕ್ಷೇಪಿಸುವವರ ಮಾತಿನಲ್ಲಿ ಸತ್ಯಾಂಶವಿದೆ. ಮುಂದೆ ರಚಿತವಾದ ಕ್ಷಾಮಸಂಹಿತೆಗಳಲ್ಲಿ ಅನಾಥ ಶಿಶುವನ್ನು ಮೊದಲು ಬಂಧುಗಳಿಗೂ, ಬಳಿಕ ಅದರ ಸ್ವಮತದವರ ಸಂಸ್ಥೆಗೂ ಒಪ್ಪಿಸಲು ಯತ್ನಿಸಬೇಕು, ಅವರಿಲ್ಲದಿದ್ದರೆ ಮಾತ್ರ ಬೇರೆಯವರಿಗೆ ಒಪ್ಪಿಸಬೇಕು ಎಂಬ ತತ್ತ್ವವು ಸೇರಿದುದು ಈ ಆಕ್ಷೇಪದ ಫಲವೇ. ಇನ್ನೊಂದು ಪಕ್ಷವನ್ನೂ ಅಷ್ಟೇ ನೇರವಾಗಿ ಹೇಳಬೇಕು: 1878ರಲ್ಲಿ ತುಮಕೂರಿನ ಛತ್ರದ ಮುಂದೆ ಉಳಿದ ಕೂಸನ್ನು ಎತ್ತಿಕೊಳ್ಳಲು ಸ್ವಮತದವರ ಅನಾಥಾಲಯವೊಂದು ಸಿದ್ಧವಾಗಿರಲಿಲ್ಲ. ಎತ್ತಿಕೊಂಡವರ ಉದ್ದೇಶವನ್ನು ಪರೀಕ್ಷಿಸುವ ಅಧಿಕಾರವು ಎತ್ತಿಕೊಳ್ಳದವರಿಗೆ ಎಷ್ಟರಮಟ್ಟಿಗೆ ಇದೆಯೆಂಬುದನ್ನು ವಾಚಕರೇ ನಿರ್ಣಯಿಸಿಕೊಳ್ಳಬಹುದು.

ಇದೇ ವಿವಾದವು ಇನ್ನೂ ತೀಕ್ಷ್ಣವಾಗಿ ನಡೆದುದು ಅದೇ ಕಾಲದ ಕ್ಷಾಮದಲ್ಲಿ ಅನಾಥಳಾದ ಕನ್ನಡನಾಡಿನ ಒಬ್ಬ ವಿದುಷಿಯ ವಿಷಯದಲ್ಲಿ. ಕಾರ್ಕಳದ ಹತ್ತಿರದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿಗೆ ಸಂಸ್ಕೃತವನ್ನು ಕಲಿಸಿದ ಕಾರಣ ಜನರ ವಿರೋಧಕ್ಕೊಳಗಾಗಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಆಶ್ರಮಮಾಡಿಕೊಂಡಿದ್ದರು. 1858ರಲ್ಲಿ ಅಲ್ಲಿ ಹುಟ್ಟಿದ ಮಗಳೇ ಪಂಡಿತಾ ರಮಾಬಾಯಿ. ಕುಟುಂಬವು ಪುರಾಣವನ್ನು ಓದುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯಿತು. ದಕ್ಷಿಣದ ಬರದಲ್ಲಿ ಮೊದಲು ತಂದೆ, ಆಮೇಲೆ ತಾಯಿ, ಆಮೇಲೆ ಅಕ್ಕ ಹಸಿವಿನಿಂದ ಸತ್ತರು. ಶಾಸ್ತ್ರವೆಲ್ಲ ಕಂಠಸ್ಥವಾಗಿದ್ದರೂ ಕೂಲಿಮಾಡಲು ಬಾರದ, ಬೇಡಲು ನಾಚುವ ಬ್ರಾಹ್ಮಣ ಕುಟುಂಬವದು. 1878ರಲ್ಲಿ ಕಲ್ಕತ್ತೆಯ ಪಂಡಿತರು ಆಕೆಯ ಸಂಸ್ಕೃತಪಾಂಡಿತ್ಯವನ್ನು ಪರೀಕ್ಷಿಸಿ 'ಸರಸ್ವತಿ' ಎಂಬ ಬಿರುದನ್ನಿತ್ತರು. 1883ರಲ್ಲಿ ಇಂಗ್ಲೆಂಡಿನಲ್ಲಿ ಆಕೆಯು ಕ್ರೈಸ್ತಮತವನ್ನು ಸ್ವೀಕರಿಸಿದಳು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದಳು. ಅಲ್ಲಿಯ ಹುಡುಗಿಯರು ಆಕೆಯ ಪ್ರಾರ್ಥನೆಯಲ್ಲಿ ಕೂರುತ್ತಾರೆಂಬ ಕಾರಣದಿಂದ 1893ರಲ್ಲಿ ರಾನಡೆ, ಭಾಂಡಾರ್ಕರ್ ಮೊದಲಾದ ಬೆಂಬಲಿಗರು ದೂರ ಸರಿದರು, ಅನೇಕ ಹುಡುಗಿಯರನ್ನು ಪೋಷಕರು ಹಿಂದಕ್ಕೆ ಕರೆದುಕೊಂಡರು.

1896-97ರ ಬರದಲ್ಲಿ ಆಕೆಯು ಮಧ್ಯಪ್ರಾಂತಕ್ಕೆ ಹೋಗಿ ಸುಮಾರು ಮುನ್ನೂರು ಮಂದಿ ಹೆಣ್ಣುಮಕ್ಕಳನ್ನು ಪುಣೆಯ ಸಮೀಪದ ಕೇಡಗಾವಿಗೆ ಕರೆತಂದಳು; 1900ರ ಗುಜರಾತಿನ ಬರದಲ್ಲಿ ಇನ್ನೂ ಅನೇಕರು ಸೇರಿದರು. ಮುಕ್ತಿಸದನವೆಂದು ಹೆಸರಾದ ಆ ಸ್ಥಳದಲ್ಲಿ ಬಾವಿ, ಹೊಲ, ಮಗ್ಗ, ಗಾಣ, ಮುದ್ರಣಾಲಯ ಎಲ್ಲವೂ ಹೆಂಗಸರ ಕೈಯಿಂದಲೇ ನಡೆದುವು. ಆಕೆಯು ಕನ್ನಡನಾಡನ್ನು ಮರೆಯದೆ ಗುಲ್ಬರ್ಗದಲ್ಲಿಯೂ ಒಂದು ಶಾಲೆಯನ್ನು ಸ್ಥಾಪಿಸಿ, 1922ರಲ್ಲಿ ಕಾಲವಾದಳು. ಆಕೆಯ ಮತಾಂತರವನ್ನು ಒಪ್ಪದವರೂ, ಬರದಲ್ಲಿ ಹಸಿವಿನಿಂದ ಸಾಯಲಿದ್ದ ಹುಡುಗಿಗೆ ಏನು ಬೇಕೆಂಬುದನ್ನು ಅದೇ ಹಸಿವನ್ನು ಕಂಡವಳು ತಿಳಿದಿದ್ದಳೆಂಬುದನ್ನು ಒಪ್ಪಬೇಕಾಗುವುದು.

ಸ್ವಮತದವರ ಸಂಸ್ಥೆಗಳು ಇಲ್ಲವೆಂಬ ಕೊರತೆಯು ಹಾಗೆಯೇ ಉಳಿಯಲಿಲ್ಲ. 1897ರಲ್ಲಿ ರಾಮಕೃಷ್ಣ ಸಂಘದ ಅಖಂಡಾನಂದ ಸ್ವಾಮಿಗಳು ಬಂಗಾಳದ ಮುರ್ಷಿದಾಬಾದಿನಲ್ಲಿ ಬರಪರಿಹಾರವನ್ನು ಮೊದಲುಮಾಡಿದರು. ಅದೂ ಅನಾಥಾಶ್ರಮವಾಗಿ ಬೆಳೆಯಿತು. ತುಮಕೂರಿನ ಬಳಿಯಲ್ಲಿಯೇ ಸಿದ್ಧಗಂಗಾ ಮಠವು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆಯಿತು. 1930ರಲ್ಲಿ ಸನ್ಯಾಸಾಶ್ರಮವನ್ನು ಸ್ವೀಕರಿಸಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅಲ್ಲಿಯ ದಾಸೋಹವು ಜಾತಿಮತಗಳನ್ನೆಣಿಸದೆ ಸಾವಿರಾರು ಬಡಮಕ್ಕಳ ಊಟ, ವಸತಿ, ವಿದ್ಯೆಗಳ ವ್ಯವಸ್ಥೆಯಾಯಿತು. ಅನ್ನಸತ್ರವು ವಿದ್ಯಾಸತ್ರವಾದುದು ಇಲ್ಲಿಯ ವಿಶೇಷ. ತುರುವೇಕೆರೆ ತಿಪಟೂರುಗಳ ಹಳ್ಳಿಗಳಿಂದ ಮಕ್ಕಳನ್ನು ಅಲ್ಲಿಗೆ ಕಳುಹಿಸುವುದು ಈಗ ವಾಡಿಕೆಯಾಗಿದೆ.

ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಇಂಡಿಯಾ ಸಭೆಯಲ್ಲಿ ಲೀನವಾದುವು. 1970ರಲ್ಲಿ ಮೈಸೂರು ಧರ್ಮಪ್ರಾಂತವು ಮೂರಾಗಿ ಒಡೆದಾಗ ತುಮಕೂರು ಒಂದಕ್ಕೂ ಹಾಸನವು ಮತ್ತೊಂದಕ್ಕೂ ಸೇರಿದುವು. ಬರದ ವರ್ಷದ ಗಂಡುಮಕ್ಕಳ ಊರೂ ಹೆಣ್ಣುಮಕ್ಕಳ ಊರೂ ಹೀಗೆ ಬೇರೆಯಾದುವು. ಬರವೂ ತನ್ನ ರೂಪವನ್ನು ಬದಲಾಯಿಸಿತು. 1884ರಲ್ಲಿ ತುಮಕೂರಿಗೆ ಬಂದು, ಗುಬ್ಬಿ ತಿಪಟೂರುಗಳ ಮೇಲೆ 1889ರಲ್ಲಿ ಹರಿಹರವನ್ನು ಮುಟ್ಟಿದ ರೈಲುದಾರಿಯು ಧಾನ್ಯವನ್ನು ತಂದಿತು, ಕೊಬ್ಬರಿಯನ್ನು ಒಯ್ದಿತು. ನೀರಿನ ಕೊರತೆಯು ಮಾತ್ರ ಉಳಿಯಿತು. ಅದಕ್ಕೆ ಪರಿಹಾರವಾಗಿ ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದರ ನಾಲೆಯ ನೀರು ತಿಪಟೂರು, ತುರುವೇಕೆರೆ, ಗುಬ್ಬಿಗಳ ಕೆರೆಗಳಿಗೆ ಹರಿಯುತ್ತದೆ. ಆ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಫ್ರೆಂಚ್ ಪಾದ್ರಿಗಳು ದೇವಾಲಯವನ್ನು ಕಟ್ಟಿಸಿದ್ದ ಶೆಟ್ಟಿಹಳ್ಳಿಯೂ ಒಂದು. ಊರಿನವರು ಬೇರೆ ಕಡೆಗೆ ಹೋಗಬೇಕಾಯಿತು. ದೇವಾಲಯದ ಮೊಂಡುಗೋಡೆಗಳು ಮಳೆಗಾಲದಲ್ಲಿ ನೀರಿನೊಳಗೆ ನಿಂತಿರುತ್ತವೆ. ಬೇಸಗೆಯಲ್ಲಿ, ನಾಲೆಗೆ ನೀರು ಬಿಟ್ಟು ಜಲಾಶಯವು ಇಳಿದಾಗ, ಮತ್ತೆ ಬುಡದವರೆಗೆ ಕಾಣಿಸಿಕೊಳ್ಳುತ್ತವೆ.